ಸೀಮೆಸುಣ್ಣದ ಬೆಲೆ

ದೋನ್ ಸಿರಿಲೋ ಅಂಗಡಿಯಲ್ಲಿ ಬೆಲೆ ಈಗ ಅಚ್ಚಿನದಲ್ಲ,
ಸೀಮೆಸುಣ್ಣದ್ದು.
ಬೆಳಿಗ್ಗೆ ಬರೆದದ್ದನ್ನು ಊಟದ ಹೊತ್ತಿಗೆ
ತೋಳಿನಿಂದಲೇ ಒರೆಸುತ್ತಾನೆ.
ಅವನ ಕಪ್ಪು ಕೋಟಿನ ಬಲತೋಳಿಗೆ ಮಾತ್ರ
ನರೆ ಬಂದಿದೆ.

ಗಾಜಿನಾಚೆ ಎರಡು ಯಂತ್ರ, ಅಕ್ಕಪಕ್ಕ,
ಮಾತುಬಿಟ್ಟ ದಾಯಾದಿಗಳ ಹಾಗೆ.
ಒಂದು ಬೀಟಾ. ಒಂದು ವಿಎಚ್‌ಎಸ್.
ಇದರ ಬಾಯಿಗೆ ಅದರ ತುತ್ತು ಹಿಡಿಸುವುದಿಲ್ಲ.

'ಕಾಯಿರಿ,' ಎನ್ನುತ್ತಾನೆ ಸಿರಿಲೋ,
'ವರ್ಷದೊಳಗೆ ಇವೆರಡರಲ್ಲಿ ಒಂದು ಸಾಯುತ್ತದೆ,
ಉಳಿದದ್ದು ಅಗ್ಗವಾಗುತ್ತದೆ.'
ಮರು ಉಸಿರಿನಲ್ಲೇ:
'ಕಾಯಬೇಡಿ, ನಾಳೆ ನಿಮ್ಮ ಜೇಬಿನ ಆಸ್ತ್ರಾಲ್‌ಗಳಿಗೆ
ಇದರ ವಯರೂ ಬರುವುದಿಲ್ಲ.'
ಎರಡೂ ನಿಜ. ಅದೇ ತೊಂದರೆ.

ರೈಲ್ವೆ ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷ
ಬ್ರೇಕು ರಿಪೇರಿ ಮಾಡಿದವನು ನಾನು.
ನಿಲ್ಲಿಸುವುದು ಗೊತ್ತು.
ಯಾವಾಗ ಹೊರಡಬೇಕು ಅನ್ನುವುದು ಬೇರೆ ಇಲಾಖೆ.

ನೇಲಿದಾಳ ತಮ್ಮ ಅಸುನ್ಸಿಯೋನ್‌ನಿಂದ ತರುತ್ತೇನೆಂದ,
ಅರ್ಧ ಬೆಲೆಗೆ, ಕಂಬಳಿಯಲ್ಲಿ ಸುತ್ತಿ,
ಸುಂಕದವನ ಮುಂದೆ ಸುಖವನ್ನೂ ದುಃಖವನ್ನೂ ಹೇಳದೆ.
ಆದರೆ ಅಲ್ಲಿಂದ ಬರುವ ಮಾಲಿಗೆ ನಮ್ಮ ಟಿವಿಯ ಭಾಷೆ ಬಾರದಂತೆ:
ಚಿತ್ರ ಮನೆ ಸೇರುತ್ತದೆ,
ಬಣ್ಣ ಗಡಿಯಲ್ಲೇ ಉಳಿಯುತ್ತದೆ.
'ಎಲ್ಸಿರಾಳ ಗುಲಾಬಿ ಲಂಗ ಬೂದುಬಣ್ಣಕ್ಕೆ ಕಾಣುತ್ತದಾ?'
ನೇಲಿದಾ ಕೇಳಿದಳು.
ಅಲ್ಲಿಗೆ ಆ ಮಾತು ಮುಗಿಯಿತು.

ಹೌದು, ಕ್ಯಾಸೆಟ್ಟು ಇದೆ. ಇಲ್ಲದ್ದು ಯಂತ್ರ.
ಮಗಳಿಗೆ ಹದಿನೈದು ತುಂಬಿದ ರಾತ್ರಿ
ಪಕ್ಕದ ಮನೆಯ ಅರ್ಖಿಮೀರೊ
ಬಾಡಿಗೆ ಕ್ಯಾಮೆರಾ ಹೆಗಲಿಗೇರಿಸಿ ತೆಗೆದದ್ದು.
ಎರಡು ವರ್ಷದಿಂದ ಮೇಜುಬಟ್ಟೆಗಳ ಕೆಳಗೆ ಮಲಗಿದೆ.
ಬೀಟಾ.

ಅದರಲ್ಲಿ ನಾನು ಅತ್ತಿದ್ದೇನಂತೆ.
ವಾಲ್ಟ್ಸ್‌ನ ಎರಡನೇ ಸುತ್ತಿನಲ್ಲಿ, ಮಗಳ ಕೈ ಹಿಡಿದುಕೊಂಡು,
ಫೋರ್‌ಮನ್ನನ ಹೆಂಡತಿಯ ಎದುರಿಗೇ.
ಇಲ್ಲ, ಅವತ್ತು ಗಾಳಿ. ಬಾಗಿಲು ತೆರೆದಿತ್ತು.
ಬಾಹಿಯಾ ಬ್ಲಾಂಕಾದ ಗಾಳಿ
ಯಾರ ಕಣ್ಣು ಎಂದು ಕೇಳಿ ಧೂಳು ತುಂಬುವುದಿಲ್ಲ.
ಬೇಸಗೆಯಲ್ಲಿ ದಿನಕ್ಕೈದು ಗಂಟೆ ಕರೆಂಟು ಹೋಗುತ್ತಿದ್ದಾಗ
ಕತ್ತಲಲ್ಲಿ ಮಾಟೆ ಹೀರುತ್ತ ಇದೇ ವಾದ.
'ಮಿಷನ್ನು ಬರಲಿ,' ಎನ್ನುತ್ತಾಳೆ.
'ಬರಲಿ,' ಎನ್ನುತ್ತೇನೆ.

ಎಂಬತ್ತೊಂಬತ್ತರ ಮೇ, ಸಂಬಳ ಬಂದ ದಿನ
ಹೊರಟೇಬಿಟ್ಟೆ.
ಲಕೋಟೆ ಬನಿಯನ್ನಿನೊಳಗೆ.
ಕಾದ ಬಾಣಲೆಗೆ ಬಿದ್ದ ಬೆಣ್ಣೆ
ಎಷ್ಟು ಹೊತ್ತು ಬೆಣ್ಣೆ?
ದಾರಿಯಲ್ಲಿ ಸೂಪರ್‌ಮಾರ್ಕೆಟ್ಟಿನ ಮೈಕು ಕೂಗುತ್ತಿತ್ತು:
ಎಣ್ಣೆ ಇಷ್ಟು, ಸಕ್ಕರೆ ಇಷ್ಟು, ಈ ಕ್ಷಣದಿಂದ.
ಜನ ಗಾಡಿ ತಳ್ಳಿಕೊಂಡು ಓಡುತ್ತಿದ್ದರು,
ಬೆಲೆಗಿಂತ ಮೊದಲು ಕಪಾಟು ಮುಟ್ಟಲು.
ನನ್ನ ಕಾಲೂ ಓಡಿತು. ನಾನು ಹೇಳಿರಲಿಲ್ಲ.

ಹನ್ನೆರಡು ಲೀಟರ್ ಎಣ್ಣೆ. ಇಪ್ಪತ್ತು ಕಿಲೋ ಹಿಟ್ಟು.
ಚಿಕ್ಕವನಿಗೆ ಬೂಟು, ಎರಡು ಅಳತೆ ದೊಡ್ಡದು;
ಅಲ್ಲಿ ಕಾಯುವುದು ಬೂಟಿನ ಕೆಲಸ.
ಉಳಿದ ಚಿಲ್ಲರೆ ಹಿಡಿದು ಸಿರಿಲೋ ಬಳಿ ಹೋದೆ,
ಸುಮ್ಮನೆ.

ಹಲಗೆ ಖಾಲಿ. ಸುಣ್ಣ ಮುಗಿದಿದೆ, ಅಂದ.
ಗಾಜಿನಾಚೆ ಒಂದೇ ಯಂತ್ರ.
ಬೀಟಾ ಯಾರು ಕೊಂಡರು?
'ಯಾರೂ ಇಲ್ಲ. ಒಳಗಿಟ್ಟೆ.
ದಿನಾ ನೋಡಿದರೆ ಪಾಪ ಅನ್ನಿಸುತ್ತಿತ್ತು.'

ಕೇಳಬಹುದಿತ್ತು,
ಹಿಟ್ಟಿಗೆ ಬದಲು ಕೊಡುತ್ತೀಯಾ ಎಂದು.
ಕೊಡುತ್ತಿದ್ದ; ಅವನ ಕಣ್ಣು ಚೀಲದ ಮೇಲೇ ಇತ್ತು.
ಕೇಳಲಿಲ್ಲ.

ಮನೆಯಲ್ಲಿ ನೇಲಿದಾ ಎಣ್ಣೆ ಬಾಟಲಿ ಎಣಿಸಿದಳು,
ಒಂದು ಸಲ, ಮತ್ತೆ ಇನ್ನೊಂದು ಸಲ.
'ಹಾಗಾದರೆ,' ಎಂದಳು, 'ನೀನು ಅತ್ತದ್ದು ನಿಜ.'
'ಗಾಳಿ,' ಎಂದೆ.
ಹೊರಗೆ ಬೀಸುತ್ತಲೂ ಇತ್ತು.